ಪತ್ರಾ ಇರಬೇಕಾದಲ್ಲಿ ಪತ್ರಿಕೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಹಳೆಯ ಕಾರುಗಳ ತುಕ್ಕು ರಿಪೇರಿಗೆ ನಮ್ಮ ಊರಿನಲ್ಲಿ ಕೇಳುವ ದರ ಮತ್ತು ಆ ದರಕ್ಕೆ ಸಿಗುವ ಕೆಲಸ, ಇವೆರಡರ ಬಗ್ಗೆ ನನ್ನ ಅನುಭವವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಸಣ್ಣದೆನಿಸಬಹುದು. ಆದರೆ ಹದಿನೈದು ವರ್ಷ ದಾಟಿದ ಕಾರನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ಬೆಳಗಾವಿಯಲ್ಲಿ ಓಣಿಗೆ ನಾಲ್ಕಾದರೂ ಸಿಗುತ್ತವೆ, ಮತ್ತು ಅವರಲ್ಲಿ ಅನೇಕರು ನನ್ನಂತೆಯೇ ಬಣ್ಣ ನೋಡಿ ಹಣ ಎಣಿಸಿ ಬಂದವರು.

2025ರ ಜುಲೈ ತಿಂಗಳ ಒಂದು ಸಂಜೆ ಖಾನಾಪುರದಿಂದ ಮರಳುವಾಗ ನಮ್ಮ ಕಾರಿನ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಜಿಟಿಜಿಟಿ ಮಳೆಯಲ್ಲೇ ಮಗ ಜಾಕ್ ಹಚ್ಚಿ ಹ್ಯಾಂಡಲ್ ತಿರುಗಿಸತೊಡಗಿದ. ಜಾಕ್ ಏರುತ್ತಿತ್ತು, ಕಾರು ಏರುತ್ತಿರಲಿಲ್ಲ. ಹಪ್ಪಳ ಮುರಿದಂಥ ಸದ್ದಾಗಿ ಜಾಕಿನ ತಲೆ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನೊಳಗೆ ನುಗ್ಗಿಬಿಟ್ಟಿತು. ಟಾರ್ಚ್ ಹಿಡಿದು ನೋಡಿದರೆ ಒಡೆದ ಬಣ್ಣದ ಹಿಂದೆ ಬೂದಿ ಬಣ್ಣದ ಪುಟ್ಟಿಯ ದಪ್ಪ ಪದರ, ಅದರ ಹಿಂದೆ ತೋಯ್ದು ಮುದ್ದೆಯಾದ ಕಾಗದ. ಎಳೆದಾಗ ಬಂದದ್ದು ಹಳೆಯ ದಿನಪತ್ರಿಕೆಯ ಹಾಳೆ. ಕನ್ನಡದ್ದೋ ಮರಾಠಿಯದ್ದೋ ಎಂದು ಗುರುತಿಸುವಷ್ಟು ಅಕ್ಷರ ಅದರಲ್ಲಿ ಉಳಿದಿರಲಿಲ್ಲ. ನಮ್ಮ ಊರಿನಲ್ಲಿ ಅದಕ್ಕೂ ಒಂದು ವಾದ ಹುಟ್ಟಬಹುದಾದ್ದರಿಂದ ಅದು ಒಳ್ಳೆಯದೇ ಆಯಿತು. ಪತ್ರಾ, ಅಂದರೆ ತಗಡು, ಇರಬೇಕಾದ ಜಾಗದಲ್ಲಿ ಪತ್ರಿಕೆ ಇತ್ತು ಎಂಬುದೇ ನನ್ನ ದೂರು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಇದು 2007ರಲ್ಲಿ ಹೊಸದಾಗಿ ಕೊಂಡ ಸಣ್ಣ ಕಾರು. 2022ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ಸಮಯ ಬಂದಾಗ, ತಪಾಸಣೆಗೆ ಹೋಗುವ ಮುನ್ನ ಗಾಡಿ ಚೆನ್ನಾಗಿ ಕಾಣಲಿ ಎಂದು ನಗರದ ಒಂದು ಗ್ಯಾರೇಜಿಗೆ ಒಯ್ದೆ. ಎರಡೂ ಬದಿಯ ರನ್ನಿಂಗ್ ಬೋರ್ಡುಗಳಲ್ಲಿ ನಾಣ್ಯದಗಲದ ಗುಳ್ಳೆಗಳು ಎದ್ದಿದ್ದವು, ಹಿಂದಿನ ಚಕ್ರದ ಕಮಾನಿನ ಅಂಚು ಕಂದು ತಿರುಗಿತ್ತು, ಡಿಕ್ಕಿಯ ಕೆಳ ಅಂಚಿನಲ್ಲಿ ಬಣ್ಣ ಉದುರಿತ್ತು. 18,000 ರೂಪಾಯಿ ಕೇಳಿದರು, ಕೊಟ್ಟೆ. ಆರನೆಯ ದಿನ ಕಾರು ಕನ್ನಡಿಯಂತೆ ಹೊಳೆಯುತ್ತ ಬಂದು ನಿಂತಿತು. ಬಿಲ್ ಕೇಳಿದ್ದಕ್ಕೆ, “ಬಿಲ್ ಬೇಕಂದ್ರ ಜಿಎಸ್‌ಟಿ ಕೂಡತೈತ್ರಿ ಅಕ್ಕೋರ, ಹದಿನೆಂಟು ಪರ್ಸೆಂಟ್ ಹೆಚ್ಚಿಗಿ ಆಗತೈತಿ” ಎಂದರು. ಉಳಿತಾಯವಾಯಿತೆಂದು ನಾನೂ ಸುಮ್ಮನಾದೆ. ಒಂದು ಮಳೆಗಾಲ ಕಳೆಯಿತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಜಾಗದಲ್ಲಿ ಅವೇ ಗುಳ್ಳೆಗಳು ಎದ್ದವು, ಈ ಸಲ ರೂಪಾಯಿಯ ಬದಲು ಅಂಗೈಯ ಗಾತ್ರದಲ್ಲಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮೂರು ಪ್ರನಾಳಗಳಲ್ಲಿ ಮೂರು ಮೊಳೆ ಹಾಕಿ, ಒಂದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರಿನ ಮೇಲೆ ಎಣ್ಣೆಯ ಪದರ, ಮೂರನೆಯದರಲ್ಲಿ ಬರೀ ನಳದ ನೀರು ಇಟ್ಟು, ಮೂರನೆಯ ಮೊಳೆ ಮಾತ್ರ ಏಕೆ ತುಕ್ಕು ಹಿಡಿಯಿತು ಎಂದು ಪ್ರತಿ ವರ್ಷ ಮಕ್ಕಳನ್ನು ಕೇಳುತ್ತಿದ್ದೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಎರಡೂ ತಗುಲಬೇಕು, ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ ಎಂದು ಅವರೂ ಸರಿಯಾಗಿಯೇ ಹೇಳುತ್ತಿದ್ದರು. ಅಷ್ಟು ತಿಳಿದಿದ್ದೂ ನನ್ನ ಮನೆಯ ಮುಂದೆ ನಿಂತ ಕಾರಿಗೆ ಆ ಪಾಠ ಅನ್ವಯಿಸುತ್ತದೆಂದು ನನಗೆ ಹೊಳೆಯಲಿಲ್ಲ.

ಕಾರಿನ ರನ್ನಿಂಗ್ ಬೋರ್ಡ್ ಹೊರಗಿನಿಂದ ಒಂದು ಪಟ್ಟಿಯಂತೆ ಕಂಡರೂ ಅದು ಎರಡು ಮೂರು ತಗಡುಗಳನ್ನು ಅಂಚಿಗಂಚು ಬೆಸೆದು ಮಾಡಿದ ಟೊಳ್ಳು ಪೆಟ್ಟಿಗೆ. ಒಳಗೆ ಸೇರಿದ ನೀರು ಇಳಿದುಹೋಗಲೆಂದು ಅದರ ಕೆಳಗೆ ಸಣ್ಣ ತೂತುಗಳಿರುತ್ತವೆ. ನಮ್ಮ ಕೆಂಪು ರಾಡಿ ಆ ತೂತುಗಳನ್ನು ಮುಚ್ಚಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗೆ ತೇವ ಆರುವುದೇ ಇಲ್ಲ. ಹೀಗಾಗಿ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತುತ್ತದೆ. ನಮಗೆ ಕಾಣುವ ಗುಳ್ಳೆ ಅದೇ. ಗುಳ್ಳೆ ಕಂಡ ದಿನ ತುಕ್ಕು ಶುರುವಾಯಿತೆಂದು ನಾವು ತಿಳಿಯುತ್ತೇವೆ, ಆದರೆ ಒಳಗಿನ ಊಟ ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ಇಂಥ ಗುಳ್ಳೆಯನ್ನು ಮೇಲಿಂದ ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಪುಟ್ಟಿ ಎಂಬುದು ಗಟ್ಟಿ ಲೋಹದ ಮೇಲಿನ ಸಣ್ಣ ತಗ್ಗನ್ನು ಸಮ ಮಾಡಲು ಇರುವ ವಸ್ತು. ಅದಕ್ಕೆ ತಾನಾಗಿ ಭಾರ ಹೊರುವ ಶಕ್ತಿ ಇಲ್ಲ, ಹಿಂದಿನಿಂದ ತೇವ ಸಿಕ್ಕರೆ ಅದು ಹೀರಿಕೊಳ್ಳುತ್ತದೆ, ಹೀರಿದ್ದನ್ನು ಪಕ್ಕದ ತಗಡಿಗೆ ದಾಟಿಸುತ್ತದೆ.

ಬೆಳಗಾವಿಯ ಹವೆಯೂ ಇದಕ್ಕೆ ಅನುಕೂಲವಾಗಿದೆ. ವಿಜಯಪುರದಲ್ಲಿರುವ ನನ್ನ ತಮ್ಮನ ಕಾರು ನನ್ನದಕ್ಕಿಂತ ಒಂದು ವರ್ಷ ಹಳೆಯದು. ಅದರ ಬಾನೆಟ್ಟಿನ ಬಣ್ಣ ಬಿಸಿಲಿಗೆ ಸುಣ್ಣದಂತಾಗಿದೆ, ಆದರೆ ಕೆಳಗೆ ಮಲಗಿ ನೋಡಿದರೆ ತಗಡು ಗಟ್ಟಿಯಾಗಿದೆ. ಅಲ್ಲಿ ಬೀಳುವ ಮಳೆಯ ಸುಮಾರು ಎರಡು ಪಟ್ಟು ನಮ್ಮಲ್ಲಿ ಬೀಳುತ್ತದೆ, ಅದೂ ವಾರಗಟ್ಟಲೆ ಸೂರ್ಯ ಕಾಣದ ಹಾಗೆ. ಅದರ ಮೇಲೆ ಬೆಳಗಾವಿಯವರಿಗೆ ರಜೆ ಸಿಕ್ಕರೆ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗುವ ಚಟ. ಸಮುದ್ರದ ದಂಡೆಯ ಮರಳಿನ ತನಕ ಕಾರು ಒಯ್ದು, ಮರಳಿ ಬಂದು ಮೇಲ್ಭಾಗವನ್ನಷ್ಟೇ ಒರೆಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿ ತೇವವನ್ನು ಒಳಗೇ ಕೂಡಿಹಾಕಿದವರಲ್ಲಿ ನಾನೂ ಒಬ್ಬಳು. ವೈಪರಿನ ಕೆಳಗಿನ ಜಾಲರಿಯಲ್ಲಿ ಮರದ ಎಲೆ ಸೇರಿ ನೀರು ಹೋಗುವ ದಾರಿ ಕಟ್ಟಿಕೊಂಡಿದ್ದನ್ನು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ತುಕ್ಕು ಹಿಡಿದದ್ದರಲ್ಲಿ ನನ್ನ ಪಾಲು ದೊಡ್ಡದೇ ಇದೆ. ರಿಪೇರಿಯ ಹೆಸರಿನಲ್ಲಿ ಅದನ್ನು ಮುಚ್ಚಿಟ್ಟದ್ದು ಮಾತ್ರ ನನ್ನ ಪಾಲಿನದ್ದಲ್ಲ.

ಜಾಕ್ ನುಗ್ಗಿದ ಮಾರನೆಯ ದಿನದಿಂದ ಎರಡು ವಾರ ನಾನು ಮತ್ತು ಮಗ ಐದು ಕಡೆ ಕಾರು ತೋರಿಸಿದೆವು. ಒಬ್ಬರು 7,500 ರೂಪಾಯಿಗೆ “ಪತ್ರಾ ಮ್ಯಾಲ ಪತ್ರಾ ಬಡದು” ಕೊಡುವುದಾಗಿ ಹೇಳಿದರು. ಅಂದರೆ ಕೊಳೆತದ್ದನ್ನು ಕತ್ತರಿಸದೆ ಅದರ ಮೇಲೆಯೇ ಹೊಸ ತಗಡು ಕೂರಿಸಿ ಅಂಚಿಗೆ ಅಲ್ಲಲ್ಲಿ ವೆಲ್ಡಿಂಗ್ ಚುಕ್ಕೆ ಇಡುವುದು. ಎರಡನೆಯವರು 16,000 ಎಂದರು, ಕತ್ತರಿಸುತ್ತೀರಾ ಎಂದು ಕೇಳಿದರೆ “ಬೇಕಾದಷ್ಟು” ಎಂಬ ಉತ್ತರ ಬಂತು. ಮೂರನೆಯವರು 34,000 ಹೇಳಿ, ಸೀಟು ಮತ್ತು ಕಾರ್ಪೆಟ್ ಬಿಚ್ಚಿದ ಮೇಲೆ ನೆಲದ ತಗಡು ಹೇಗಿದೆ ಎಂದು ನೋಡಿ ಹೆಚ್ಚು ಕಡಿಮೆ ಆಗಬಹುದು ಎಂದರು. ಒಂದು ಕಂಪನಿ ವರ್ಕ್‌ಶಾಪಿನವರು 62,000ದ ಅಂದಾಜು ಪಟ್ಟಿ ಕೊಟ್ಟು, ಬಿಡಿಭಾಗ ಸಿಕ್ಕರೆ ಮಾತ್ರ ಎಂಬ ಷರತ್ತು ಸೇರಿಸಿದರು. ಐದನೆಯವರು ಕೆಳಗೆ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು, ಈ ಕೆಲಸ ನಾವು ಹಿಡಿಯುವುದಿಲ್ಲ ಎಂದರು. ಒಂದೇ ಕಾರು, ಒಂದೇ ತೂತು, 7,500ರಿಂದ 62,000. ಹೊಟೇಲಿನಲ್ಲಿ ಇಡ್ಲಿಯ ದರ ಒಂದು ಕಡೆ ಹದಿನೈದು, ಇನ್ನೊಂದು ಕಡೆ ನೂರಿಪ್ಪತ್ತನಾಲ್ಕು ಇದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಇಡ್ಲಿಯಾದರೆ ತಿಂದು ನೋಡಿ ಹೇಳಬಹುದು. ತುಕ್ಕಿನ ಕೆಲಸದಲ್ಲಿ ತಿಂದದ್ದು ಗೊತ್ತಾಗಲು ಎರಡು ಮಳೆಗಾಲ ಬೇಕು.

ದರದ ಈ ಅಂತರಕ್ಕೆ ಕಾರಣ ಲೋಭವೊಂದೇ ಎಂದು ಮೊದಲು ನಾನು ತಿಳಿದಿದ್ದೆ. ಮೂರನೆಯ ಗ್ಯಾರೇಜಿನಲ್ಲಿ ಕೆಲಸ ಕೊಟ್ಟು, ಅವರ ಅನುಮತಿ ಪಡೆದು ದಿನಾ ಒಂದೆರಡು ತಾಸು ಕುಳಿತು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಮೊದಲು ಬ್ಯಾಟರಿಯ ತಂತಿ ಬಿಡಿಸಿದರು. ವೆಲ್ಡಿಂಗ್ ಮಾಡುವಾಗ ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಸುಡದಿರಲೆಂದು. ಸೀಟು, ಕಾರ್ಪೆಟ್, ಅದರ ಕೆಳಗಿನ ವೈರಿಂಗ್, ಬಾಗಿಲ ರಬ್ಬರು ಎಲ್ಲ ಹೊರಗೆ ಬಂದವು. ಪೆಟ್ರೋಲ್ ಪೈಪ್ ಹಾದುಹೋಗುವ ಕಡೆ ಅದನ್ನು ಸರಿಸಿ ಮುಚ್ಚಿದರು. ಕತ್ತರಿಸುವ ಮೊದಲು ಕಾರಿಗೆ ನಾಲ್ಕು ಕಡೆ ಆನಿಕೆ ಕೊಟ್ಟು, ಬಾಗಿಲ ಚೌಕಟ್ಟು ಕುಸಿಯದಂತೆ ಅಡ್ಡ ಕಬ್ಬಿಣದ ಪಟ್ಟಿ ಬಿಗಿದರು. ಲಾರಿಗೆ ಪ್ರತ್ಯೇಕ ಚಾಸಿಸ್ ಇರುತ್ತದೆ, ಇಂಥ ಸಣ್ಣ ಕಾರಿಗೆ ಇರುವುದಿಲ್ಲ; ಇಲ್ಲಿ ತಗಡಿನ ಡಬ್ಬಿಯೇ ಬೆನ್ನೆಲುಬು, ರನ್ನಿಂಗ್ ಬೋರ್ಡ್ ಆ ಬೆನ್ನೆಲುಬಿನ ಮುಖ್ಯ ಭಾಗ. ಅಪಘಾತದಲ್ಲಿ ಪಕ್ಕದಿಂದ ಬರುವ ಪೆಟ್ಟನ್ನು ತಡೆಯಬೇಕಾದದ್ದೂ ಅದೇ. ನನ್ನ ಕಾರಿನ ಹಿಂದಿನ ಬಾಗಿಲು ಒಂದು ವರ್ಷದಿಂದ ಎತ್ತಿ ಹಾಕಿದರೆ ಮಾತ್ರ ಕೂರುತ್ತಿತ್ತು. ಕೀಲು ಸವೆದಿದೆ ಎಂದುಕೊಂಡಿದ್ದೆ. ಸವೆದದ್ದು ಕೀಲು ಅಲ್ಲ, ಕೆಳಗಿನ ಆಧಾರವೇ ಜಗ್ಗಿತ್ತು ಎಂದು ಮಿಸ್ತ್ರಿ ತೋರಿಸಿಕೊಟ್ಟರು.

ಬಳಿಕ ಗ್ರೈಂಡರ್ ಹಿಡಿದು ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತ ಹೋದರು. ಅಂಗೈಯಗಲದ ತೂತು ಮೊಳದುದ್ದವಾಯಿತು. ಚಾಲಕನ ಕಾಲ ಕೆಳಗಿನ ನೆಲದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಇಳಿಯುತ್ತಿತ್ತು. ಅದೂ ಲೆಕ್ಕಕ್ಕೆ ಸೇರಿತು. ರಟ್ಟಿನಲ್ಲಿ ಅಳತೆಯ ಅಚ್ಚು ಕತ್ತರಿಸಿ, ಅದರಂತೆ 20 ಗೇಜಿನ ಪತ್ರಾ, ಅಂದರೆ ಮಿಲಿಮೀಟರಿಗಿಂತ ಸ್ವಲ್ಪ ತೆಳುವಾದ ಹಾಳೆ, ತೆಗೆದುಕೊಂಡು ಕೈಯಿಂದ ಬಡಿದು ಬಾಗಿಸಿ ಮೂಲದ ಆಕಾರಕ್ಕೆ ತಂದರು. ಒಂದು ಬದಿಗೇ ಎರಡೂವರೆ ದಿನ ಹಿಡಿಯಿತು. ವೆಲ್ಡಿಂಗಿಗೆ ಅವರು ಬಳಸಿದ್ದು ಸಿಓಟು ಯಂತ್ರ, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವಂಥದ್ದು. ಗ್ಯಾಸ್ ವೆಲ್ಡಿಂಗಿನ ಉರಿ ಅಗಲವಾಗಿ ಹರಡಿ ತೆಳು ತಗಡನ್ನು ಸೊಟ್ಟಗಾಗಿಸುತ್ತದೆ, ಹಿಂಬದಿಯ ಬಣ್ಣವನ್ನೂ ಸತುವಿನ ಲೇಪವಿದ್ದರೆ ಅದನ್ನೂ ಸುಡುತ್ತದೆ, ಹಾಗಾಗಿ ಬೆಸುಗೆಯ ಪಕ್ಕದಲ್ಲೇ ಹೊಸ ತುಕ್ಕು ಹುಟ್ಟುತ್ತದೆ ಎಂದು ವಿವರಿಸಿದರು. ಸಿಓಟು ಯಂತ್ರದಲ್ಲೂ ಒಂದೇ ಎಳೆತಕ್ಕೆ ಎಳೆಯದೆ ಇಲ್ಲೊಂದು ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ತುಂಬುತ್ತ ಅಂಚನ್ನೆಲ್ಲ ಕೂಡಿಸಿದರು. ಆಮೇಲೆ ಸತುವಿನ ಪ್ರೈಮರ್, ಜೋಡಣೆಗೆ ಸೀಲರ್, ಪುಟ್ಟಿ ತೆಳ್ಳಗೆ, ಬಣ್ಣ. ಕೊನೆಗೆ ಉದ್ದ ಮೂತಿಯ ಕೊಳವೆ ತೂರಿಸಿ ಪೆಟ್ಟಿಗೆಯ ಒಳಗೆಲ್ಲ ಮೇಣದಂಥ ದ್ರವ ಸಿಂಪಡಿಸಿದರು. ಈ ಕೊನೆಯ ಕೆಲಸ ಹೊರಗೆ ಎಲ್ಲೂ ಕಾಣುವುದಿಲ್ಲ, ಮತ್ತು ಇದಿಲ್ಲದಿದ್ದರೆ ಮೇಲಿನದೆಲ್ಲ ಮೂರು ನಾಲ್ಕು ವರ್ಷದ ಮಾತು.

ಒಂಬತ್ತು ದಿನದ ಕೊನೆಗೆ ಲೆಕ್ಕ 38,500 ಆಯಿತು. ಅದರಲ್ಲಿ ಪತ್ರಾದ ಬೆಲೆ ಸಾವಿರ ರೂಪಾಯಿಯೂ ಇರಲಿಲ್ಲ. ನಾವು ಗಿರಾಕಿಗಳು ಎಡವುವುದು ಇಲ್ಲಿಯೇ. “ಇಷ್ಟು ತಗಡಿಗೆ ಇಷ್ಟು ರೊಕ್ಕ ಯಾಕ್ರಿ?” ಎಂದು ಕೇಳುತ್ತೇವೆ. ತಗಡಿಗಾಗಿ ಅಲ್ಲ, ಬಿಚ್ಚಿ ಮತ್ತೆ ಜೋಡಿಸುವ ಒಂಬತ್ತು ದಿನದ ಕೈಗೆ ಹಣ ಹೋಗುತ್ತದೆ. ಆ ಕೈಗೆ ದಿನಗೂಲಿ ಕೊಡಲು ಒಪ್ಪದೆ ಗಣಪತಿ ಹಬ್ಬದೊಳಗೆ ಕೊಡಿ, ಎರಡು ಸಾವಿರ ಕಡಿಮೆ ಮಾಡಿ, ಬಣ್ಣ ಮಾತ್ರ ಚಲೋ ಬರಲಿ ಎಂದು ಒತ್ತಾಯಿಸಿದರೆ, ಮಿಸ್ತ್ರಿಯ ಮುಂದೆ ಉಳಿಯುವ ದಾರಿ ಪುಟ್ಟಿಯ ಡಬ್ಬಿಯೊಂದೇ. 2022ರಲ್ಲಿ ನಾನು 18,000ಕ್ಕೆ ಬಣ್ಣವನ್ನು ಕೊಂಡಿದ್ದೆ ಎಂದು ಈಗ ತಿಳಿಯುತ್ತದೆ. ಆದರೆ ಅಲ್ಲಿಯ ಮಾಲಕರು ಅದನ್ನು ಬಣ್ಣ ಎಂದು ಹೇಳಿ ಮಾರಿರಲಿಲ್ಲ, “ಜಂಗ ಪೂರಾ ತಗದೇವ್ರಿ”, ಅಂದರೆ ತುಕ್ಕು ಪೂರ್ತಿ ತೆಗೆದಿದ್ದೇವೆ, ಎಂದಿದ್ದರು. 7,500ರ ಕೆಲಸವನ್ನು 7,500ರ ಕೆಲಸವೆಂದೇ ಹೇಳಿ ಮಾಡಿದರೆ ನನ್ನ ತಕರಾರಿಲ್ಲ. ಆರು ತಿಂಗಳಲ್ಲಿ ಗಾಡಿ ಗುಜರಿಗೆ ಹಾಕುವವರಿಗೆ ಅಷ್ಟೇ ಸಾಕಾಗಬಹುದು.

ಇಲ್ಲಿ ಒಂದು ಸಹಜ ಪ್ರಶ್ನೆ ಬರುತ್ತದೆ: ಮಾರಿದರೆ ಎಪ್ಪತ್ತು ಸಾವಿರವೂ ಬಾರದ ಕಾರಿಗೆ ಮೂವತ್ತೆಂಟು ಸಾವಿರ ಸುರಿಯುವುದು ಜಾಣತನವೆ? ನನ್ನ ಸೋದರಳಿಯ ಲೆಕ್ಕ ಪರಿಶೋಧಕ. ಅವನು ಖಂಡಿತ ಅಲ್ಲ ಎನ್ನುತ್ತಾನೆ. ನನ್ನ ಲೆಕ್ಕ ಬೇರೆ. ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡುವ, ಎಂಜಿನ್ ಸರಿಯಿರುವ ಕಾರು ಇನ್ನೂ ಐದಾರು ವರ್ಷ ನಡೆದರೆ, ಹೊಸ ಕಾರಿನ ಕೆಲವು ತಿಂಗಳ ಸಾಲದ ಕಂತಿನಲ್ಲಿ ಈ ಖರ್ಚು ಮುಗಿಯುತ್ತದೆ. ಆದರೆ ಎಲ್ಲ ತುಕ್ಕಿಗೂ ಹಣ ಸುರಿಯಬೇಕಾಗಿಲ್ಲ. ಬಾಗಿಲಿನ ಅಂಚು, ಡಿಕ್ಕಿಯ ಮುಚ್ಚಳ, ಮುಂದಿನ ಫೆಂಡರ್ ಇವುಗಳ ತುಕ್ಕು ನೋಡಲು ಕೆಟ್ಟದಾಗಿ ಕಂಡರೂ ಪ್ರಾಣಕ್ಕೆ ಅಪಾಯವಿಲ್ಲ. ಫೆಂಡರನ್ನಂತೂ ಬೋಲ್ಟ್ ಬಿಚ್ಚಿ ಬದಲಿಸಬಹುದು. ರನ್ನಿಂಗ್ ಬೋರ್ಡ್, ನೆಲ, ಸೀಟ್ ಬೆಲ್ಟ್ ಬಿಗಿದಿರುವ ಜಾಗ, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಬಟ್ಟಲು, ಬ್ರೇಕ್ ಪೈಪ್, ಇವು ಬೇರೆ ವರ್ಗ. ನಾನು ಈ ಸಲ ಡಿಕ್ಕಿಯ ಅಂಚನ್ನು ಹಾಗೆಯೇ ಬಿಟ್ಟಿದ್ದೇನೆ. ನೆರೆಯವರು ಕೇಳಿದರೆ ಅದು ಕಾರಿನ ದೃಷ್ಟಿಬೊಟ್ಟು ಎನ್ನುತ್ತೇನೆ.

ವಿಮೆಯಿಂದ ಏನಾದರೂ ಸಿಗುವುದೇ ಎಂದು ಕೇಳುವವರಿಗೆ ಒಂದು ಮಾತು. ಸವಕಳಿ ಮತ್ತು ತುಕ್ಕು ವಾಹನ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಅಪಘಾತದ ಕ್ಲೇಮಿನಲ್ಲಿಯೂ ಸಾಮಾನ್ಯ ಪಾಲಿಸಿಯಲ್ಲಿ ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆದೇ ಹಣ ಕೊಡುತ್ತಾರೆ. ಖರ್ಚು ಪೂರ್ತಿ ನಮ್ಮ ಕಿಸೆಯದ್ದೇ.

ಮಾರುಕಟ್ಟೆಯಲ್ಲಿ ಸಿಗುವ ಅರ್ಧಂಬರ್ಧ ಉಪಾಯಗಳ ಬಗ್ಗೆಯೂ ಹೇಳಬೇಕು. ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುವ ಬಾಟಲಿಯ ದ್ರಾವಣಗಳಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಇಲ್ಲವೆ ಟ್ಯಾನಿಕ್ ಆಮ್ಲ ಇರುತ್ತದೆ. ಮೇಲ್ಮೈಯ ತೆಳು ತುಕ್ಕಿಗೆ ಅವು ನಿಜವಾಗಿ ಕೆಲಸ ಮಾಡುತ್ತವೆ, ಪದರು ಪದರಾಗಿ ಎದ್ದ ತಗಡಿಗೆ ಏನೂ ಮಾಡಲಾರವು. ಕೆಳಭಾಗಕ್ಕೆ ಹೊಡೆಯುವ ಕಪ್ಪು ಕೋಟಿಂಗ್ ಸ್ವಚ್ಛ ತಗಡಿನ ಮೇಲೆ ಒಳ್ಳೆಯದು. ಅದನ್ನೇ ತುಕ್ಕಿನ ಮೇಲೆ ಹೊಡೆದರೆ ತೇವ ಒಳಗೆ ಸಿಕ್ಕಿಬಿದ್ದು ತುಕ್ಕು ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಸೆಕೆಂಡ್‌ಹ್ಯಾಂಡ್ ಕಾರಿನ ಕೆಳಭಾಗ ಹೊಸದಾಗಿ ಕಪ್ಪಗೆ ಮಿಂಚುತ್ತಿದ್ದರೆ ಕೊಳ್ಳುವವರು ಖುಷಿಪಡುವ ಮೊದಲು ಅನುಮಾನ ಪಡಬೇಕು. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಜಿಲ್ಲೆಯ ಮತ್ತು ಬಾಗಲಕೋಟೆಯ ಎಷ್ಟೋ ಊರುಗಳಲ್ಲಿ ನದಿಯ ನೀರು ದಿನಗಟ್ಟಲೆ ನಿಂತಿತ್ತು. ಅಂಥ ನೀರಿನಲ್ಲಿ ನಿಂತ ಕಾರಿನ ಟೊಳ್ಳುಗಳಲ್ಲಿ ಹೂಳು ಕುಳಿತಿದ್ದರೆ ಅದರ ಫಲ ವರ್ಷಗಳ ನಂತರ ಕಾಣುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ರನ್ನಿಂಗ್ ಬೋರ್ಡಿನ ಉದ್ದಕ್ಕೂ ಹಿಡಿದು ನೋಡಿ. ಪುಟ್ಟಿ ದಪ್ಪವಾಗಿರುವಲ್ಲಿ ಅದು ಕಚ್ಚದೆ ಉದುರುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ವಿಜ್ಞಾನದ ಟೀಚರಾದ ನಾನು 2022ರಲ್ಲಿ ಮಾಡಲಿಲ್ಲ ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದದಿರಲಿ.

ಕಾನೂನಿನ ಮಾತಿಗೆ ಬರುತ್ತೇನೆ. ಸೇವೆ ಕೊಟ್ಟು ಬಿಲ್ ಅಥವಾ ರಸೀದಿ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ಮೊತ್ತದ ದೂರಿಗೆ ಶುಲ್ಕವೂ ಇಲ್ಲ, ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ತುಕ್ಕಿನ ಕಳಪೆ ಕೆಲಸ ಹೊರಬೀಳಲು ಸರಿಸುಮಾರು ಅಷ್ಟೇ ಕಾಲ ಬೇಕು ಎಂಬುದು ಈ ವ್ಯವಹಾರದ ವಿಚಿತ್ರ. ನನ್ನ ಬಳಿ ಬಿಲ್ ಇರಲಿಲ್ಲ, ಜಾಕ್ ನುಗ್ಗುವ ಹೊತ್ತಿಗೆ ಅವಧಿಯೂ ಮೀರಿತ್ತು. ಆ ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯದಿರಲು ಇದೂ ಒಂದು ಕಾರಣ. ಬಿಲ್ ಎಂದರೆ ಜಿಎಸ್‌ಟಿ ಎಂಬ ಹೆದರಿಕೆಯೂ ಅರ್ಧ ಸತ್ಯವೇ: ವಾರ್ಷಿಕ ವಹಿವಾಟು 20 ಲಕ್ಷಕ್ಕಿಂತ ಕಡಿಮೆ ಇರುವ ಸಣ್ಣ ಗ್ಯಾರೇಜುಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಅಂಥವರು ತೆರಿಗೆ ಕೂಡಿಸದೆಯೇ ತಮ್ಮ ಹೆಸರಿನ ಸಾದಾ ಬಿಲ್ ಬರೆದು ಕೊಡಬಹುದು.

ನನ್ನ ಮುಖ್ಯ ಕೋರಿಕೆ ಗ್ಯಾರೇಜ್ ಮಾಲಕರಿಗೆ. ಕೊಳೆತದ್ದನ್ನು ಕತ್ತರಿಸಿ ಹೊಸ ಪತ್ರಾ ಕೂರಿಸಿದ ಮೇಲೆ, ಪುಟ್ಟಿ ಮತ್ತು ಬಣ್ಣ ಹಚ್ಚುವ ಮೊದಲು, ಗಿರಾಕಿಯನ್ನು ಕರೆದು ಒಮ್ಮೆ ತೋರಿಸಬೇಕು. ಬರಲಾಗದವರಿಗೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಕು. ಅಂದಾಜು ಪಟ್ಟಿಯಲ್ಲಿ “ಜಂಗ ಕೆಲಸ” ಎಂದು ಒಂದೇ ಸಾಲು ಬರೆಯುವ ಬದಲು ಎಲ್ಲಿ ಕತ್ತರಿಸುತ್ತೀರಿ, ಎಷ್ಟು ಗೇಜಿನ ಪತ್ರಾ ಹಾಕುತ್ತೀರಿ, ಯಾವ ವೆಲ್ಡಿಂಗ್, ಒಳಗೆ ಏನು ಸಿಂಪಡಿಸುತ್ತೀರಿ ಎಂದು ನಾಲ್ಕು ಸಾಲು ಬರೆದರೆ 7,500ಕ್ಕೂ 34,000ಕ್ಕೂ ಇರುವ ಅಂತರ ಯಾರಿಗಾದರೂ ಅರ್ಥವಾಗುತ್ತದೆ. ಇದರಿಂದ ಮೊದಲು ಲಾಭವಾಗುವುದು ಪ್ರಾಮಾಣಿಕ ಮಿಸ್ತ್ರಿಗೆ. ಈಗ ಅವರು ಹೇಳುವ ದರ ಕೇಳಿಯೇ ಗಿರಾಕಿ ಎದ್ದು ಹೋಗುತ್ತಾನೆ, ಏಕೆಂದರೆ ಪಕ್ಕದ ಗ್ಯಾರೇಜಿನ ಅರ್ಧ ದರದ ಕಾರು ರಸ್ತೆಗೆ ಬಂದ ದಿನ ಇವರ ಕಾರಿನಷ್ಟೇ ಹೊಳೆಯುತ್ತದೆ. ನನ್ನ ಕೆಲಸ ಮಾಡಿಕೊಟ್ಟವರು ತಮ್ಮ ಇಬ್ಬರು ಹುಡುಗರೂ ಈ ಕೆಲಸ ಬಿಟ್ಟು ಕಾರಿಗೆ ಸ್ಟಿಕರ್ ಹಚ್ಚುವ ಅಂಗಡಿ ಸೇರಿದರು ಎಂದು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಇದೇ ಊರಿನ ಉದ್ಯಮಬಾಗದ ಫೌಂಡ್ರಿ ಮತ್ತು ಮಶೀನ್ ಶಾಪುಗಳಲ್ಲಿ ಕೂದಲೆಳೆಯ ಅಳತೆ ತಪ್ಪದಂತೆ ಲೋಹ ಕಡೆಯುವವರು ಸಾವಿರಾರು ಜನ ಇದ್ದಾರೆ, ನಮ್ಮದೇ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಭಾಗಗಳೇ ತಯಾರಾಗುತ್ತವೆ. ಅಂಥ ಊರಿನಲ್ಲಿ ಕಾರಿನ ತೂತಿಗೆ ದಿನಪತ್ರಿಕೆ ತುರುಕುವುದು ಕೈಗುಣ ಇಲ್ಲವೆಂದಲ್ಲ. ತೆಳು ತಗಡಿನ ಸಿಓಟು ವೆಲ್ಡಿಂಗ್ ಮತ್ತು ತುಕ್ಕು ನಿವಾರಣೆಯ ಬಗ್ಗೆ ನಮ್ಮ ಐಟಿಐ ಅಥವಾ ಪಾಲಿಟೆಕ್ನಿಕ್ ಒಂದು ವಾರದ ಸಂಜೆ ತರಗತಿ ನಡೆಸಿದರೆ, ಈಗಾಗಲೇ ಗ್ಯಾರೇಜಿನಲ್ಲಿ ದುಡಿಯುತ್ತಿರುವವರೇ ಬಂದು ಕೂರುತ್ತಾರೆ ಎಂದು ನನ್ನ ನಂಬಿಕೆ.

ಎರಡನೆಯ ಕೋರಿಕೆ ಸಾರಿಗೆ ಇಲಾಖೆಗೆ. ಹದಿನೈದು ವರ್ಷ ಮುಗಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಲಾಗಿದೆ. ಹಸಿರು ತೆರಿಗೆ ಬೇರೆ. ಇಷ್ಟು ಹಣ ಕೊಡುವವರ ಗಾಡಿಯನ್ನು ಒಮ್ಮೆ ಕೆಳಗಿನಿಂದ ನೋಡುವುದು ಅತಿ ಆಸೆಯೇನಲ್ಲ. ಕಾರು ಸಮತಟ್ಟಾದ ಅಂಗಳದಲ್ಲಿ ನಿಂತಿದ್ದರೆ ಯಾವ ಅಧಿಕಾರಿಗೂ ಅದರ ಹೊಟ್ಟೆ ಕಾಣುವುದಿಲ್ಲ; ತಪಾಸಣೆಗೆ ಒಂದು ಗುಂಡಿ ಅಥವಾ ಲಿಫ್ಟ್, ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್ ಬೇಕು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ತಪಾಸಣೆ ಕಡ್ಡಾಯ, ಮತ್ತು ಸೀಟ್ ಬೆಲ್ಟ್, ಸ್ಟೀರಿಂಗ್, ಸಸ್ಪೆನ್ಷನ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡಿನ ಬಲ ಕುಂದುವಷ್ಟು ತುಕ್ಕಿದ್ದರೆ ಕಾರು ನಪಾಸು. ಪ್ರತಿ ವರ್ಷ ಎಂದು ನಾನು ಕೇಳುತ್ತಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುವ ದಿನವಾದರೂ ನೋಡಿ, ರನ್ನಿಂಗ್ ಬೋರ್ಡ್ ಮತ್ತು ನೆಲದ ಸ್ಥಿತಿಯನ್ನು ಒಂದು ಸಾಲಿನಲ್ಲಿ ಬರೆದುಕೊಡಲಿ. ಆ ಸಾಲು ಮುಂದೆ ಕಾರು ಕೊಳ್ಳುವವರಿಗೂ ಉಪಯೋಗಕ್ಕೆ ಬರುತ್ತದೆ. 2022ರಲ್ಲಿ ಯಾರಾದರೂ ನನಗೆ ಹೀಗೆ ಬರೆದುಕೊಟ್ಟಿದ್ದರೆ, ಹೊಸ ಬಣ್ಣದ ಕೆಳಗೆ ಕಾಗದ ತುಂಬಿಕೊಂಡು ಮೂರು ವರ್ಷ ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿರಲಿಲ್ಲ.

ನನ್ನ ಕಾರಿನ ನೋಂದಣಿ 2027ರಲ್ಲಿ ಮತ್ತೆ ನವೀಕರಣಕ್ಕೆ ಬರುತ್ತದೆ. ಕತ್ತರಿಸಿ ತೆಗೆದ ಹಳೆಯ ರನ್ನಿಂಗ್ ಬೋರ್ಡಿನ ತುಂಡನ್ನೂ ಅದರೊಳಗಿನ ಪತ್ರಿಕೆಯ ಮುದ್ದೆಯನ್ನೂ ಮಿಸ್ತ್ರಿಯಿಂದ ಕೇಳಿ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ತಪಾಸಣೆಗೆ ಹೋಗುವ ದಿನ ದಾಖಲೆಗಳ ಜೊತೆಗೆ ಅವನ್ನೂ ಒಯ್ಯುವವಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಟಿಳಕವಾಡಿ, ಬೆಳಗಾವಿ